ಹೀಬ್ರೂ ಗ್ರಂಥ ಮತ್ತು ಪ್ರಾಚೀನ ಇಸ್ರೇಲಿನ ಧರ್ಮ: ಓದಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಹೀಬ್ರೂ ಗ್ರಂಥಗಳನ್ನು ಓದಬೇಕೆಂದು ಹೊರಟ ಹೆಚ್ಚಿನವರು ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ಆದಿಕಾಂಡ ಸಲೀಸಾಗಿ ಸಾಗುತ್ತದೆ. ವಿಮೋಚನಕಾಂಡದ ಅರ್ಧದವರೆಗೂ ಕಥೆ ಇದೆ. ಆಮೇಲೆ ಗುಡಾರದ ಅಳತೆ, ಪರದೆ, ಕೊಂಡಿ, ಬಲಿಯ ವಿಧಿಗಳು ಶುರುವಾಗುತ್ತವೆ. ಯಾಜಕಕಾಂಡ ತೆರೆಯುವಷ್ಟರಲ್ಲಿ ಪುಸ್ತಕ ಕಪಾಟು ಸೇರಿರುತ್ತದೆ. ಇದರಲ್ಲಿ ಓದುಗರ ತಪ್ಪೇನೂ ಇಲ್ಲ. ನೂರಾರು ವರ್ಷಗಳಲ್ಲಿ, ಹಲವರ ಕೈಯಲ್ಲಿ ಬೆಳೆದ ಗ್ರಂಥಗಳ ಸಂಗ್ರಹ ಇದು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಓಟದಲ್ಲಿ ಓದಲು ಹೋದರೆ ಯಾರಿಗಾದರೂ ದಾರಿ ತಪ್ಪುತ್ತದೆ.

ಇಡೀ ಮಾರ್ಗದರ್ಶಿ ನಿಂತಿರುವುದು ಒಂದು ಮಾತಿನ ಮೇಲೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗ್ರಂಥ ಹೇಳುವ ಧರ್ಮ ಒಂದು. ಆ ಕಾಲದ ಜನ ಮನೆಯಲ್ಲಿ, ಗುಡ್ಡದ ಮೇಲೆ, ಕೋಟೆಯೊಳಗೆ ನಡೆಸಿಕೊಂಡು ಬಂದ ಧರ್ಮ ಇನ್ನೊಂದು. ಎರಡೂ ಅಲ್ಲಲ್ಲಿ ಕೂಡುತ್ತವೆ, ಅಲ್ಲಲ್ಲಿ ಜಗಳವಾಡುತ್ತವೆ. ಗ್ರಂಥ ಮಾತ್ರ ಓದಿದರೆ ಜನ ಕಾಣುವುದಿಲ್ಲ. ಮಣ್ಣಿನಡಿ ಸಿಕ್ಕಿದ್ದನ್ನು ಮಾತ್ರ ನೋಡಿದರೆ ಆ ಜನ ಏನು ನಂಬಿದ್ದರು, ಯಾವುದಕ್ಕೆ ಅತ್ತರು ಎಂಬುದು ತಿಳಿಯುವುದಿಲ್ಲ. ಎರಡನ್ನೂ ಜೊತೆಗಿಟ್ಟು ಓದುವುದನ್ನು ಕಲಿಯೋಣ.

ಹಂತ 1: ಕೈಯಲ್ಲಿರುವ ಪುಸ್ತಕವನ್ನು ಅರ್ಥ ಮಾಡಿಕೊಳ್ಳಿ

ಕನ್ನಡದಲ್ಲಿ ಓದುವವರಿಗೆ ಭಾರತೀಯ ಬೈಬಲ್ ಸೊಸೈಟಿಯ 'ಸತ್ಯವೇದವು' ಸುಲಭವಾಗಿ ಸಿಗುತ್ತದೆ. ಅದರ ಹಳೆಯ ಒಡಂಬಡಿಕೆಯೇ ನಮ್ಮ ವಿಷಯ. ಯೆಹೂದ್ಯರು ಇದೇ ಗ್ರಂಥಗಳನ್ನು ತನಖ್ ಎನ್ನುತ್ತಾರೆ. ಅದರಲ್ಲಿ ಮೂರು ಭಾಗ: ತೋರಾ (ಮೊದಲ ಐದು ಪುಸ್ತಕ), ಪ್ರವಾದಿಗಳು, ಬರಹಗಳು. ಪ್ರೊಟೆಸ್ಟಂಟರ ಎಣಿಕೆಯಲ್ಲಿ 39 ಪುಸ್ತಕ, ಯೆಹೂದ್ಯರ ಎಣಿಕೆಯಲ್ಲಿ 24. ಪಠ್ಯ ಅದೇ. ಸಮುವೇಲ, ಅರಸುಗಳು, ಪೂರ್ವಕಾಲವೃತ್ತಾಂತ ಅಲ್ಲಿ ಒಂದೊಂದೇ ಪುಸ್ತಕ, ಎಜ್ರ ಮತ್ತು ನೆಹೆಮೀಯ ಸೇರಿ ಒಂದು, ಹನ್ನೆರಡು ಚಿಕ್ಕ ಪ್ರವಾದಿಗಳು ಸೇರಿ ಒಂದು. ಕ್ಯಾಥೊಲಿಕರ ಬೈಬಲಿನಲ್ಲಿ ಇನ್ನೂ ಕೆಲವು ಪುಸ್ತಕಗಳಿವೆ, ಅವು ತನಖ್‌ನಲ್ಲಿಲ್ಲ.

ಕ್ರಮವೂ ಬೇರೆ. ಕ್ರೈಸ್ತರ ಹಳೆಯ ಒಡಂಬಡಿಕೆ ಮಲಾಕಿಯನಲ್ಲಿ ಮುಗಿಯುತ್ತದೆ, ಮುಂದೆ ಬರುವವನೊಬ್ಬನ ಕಡೆ ಕೈ ತೋರಿಸುತ್ತದೆ. ತನಖ್ ಪೂರ್ವಕಾಲವೃತ್ತಾಂತದಲ್ಲಿ ಮುಗಿಯುತ್ತದೆ. ಪರ್ಷಿಯದ ಅರಸ ಕೋರೆಷನು ಜನರಿಗೆ ಯೆರೂಸಲೇಮಿಗೆ ಹಿಂತಿರುಗಿ ಎಂದು ಹೇಳುವ ಮಾತೇ ಕೊನೆಯದು. ಹಾಳೆಯೊಂದರಲ್ಲಿ ತನಖ್‌ನ ಕ್ರಮ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಒಂದು ಗ್ರಂಥ ಯಾವ ಗುಂಪಿನಲ್ಲಿ ಕೂತಿದೆ ಎನ್ನುವುದು ಅದನ್ನು ಹೇಗೆ ಓದುತ್ತಿದ್ದರು ಎಂಬುದಕ್ಕೆ ಸುಳಿವು. ದಾನಿಯೇಲನ ಪುಸ್ತಕ ನಮ್ಮ ಬೈಬಲಿನಲ್ಲಿ ಪ್ರವಾದಿಗಳ ಸಾಲಿನಲ್ಲಿದೆ, ತನಖ್‌ನಲ್ಲಿ ಬರಹಗಳ ಸಾಲಿನಲ್ಲಿದೆ.

ಹಂತ 2: ಒಂದು ಪುಟದ ಕಾಲಪಟ್ಟಿ

ತುಂಬಾ ಇಸವಿಗಳು ಬೇಡ. ಸುಮಾರು ಕ್ರಿ.ಪೂ. 1208: ಈಜಿಪ್ಟಿನ ಅರಸ ಮೆರ್ನೆಪ್ತಾನ ಕಲ್ಲಿನಲ್ಲಿ 'ಇಸ್ರೇಲ್' ಹೆಸರು. ಬೈಬಲಿನ ಹೊರಗೆ ನಮಗೆ ಖಚಿತವಾಗಿ ಸಿಗುವ ಮೊದಲ ಉಲ್ಲೇಖ ಇದು. ಕ್ರಿ.ಪೂ. 722: ಎರಡಾಗಿ ಒಡೆದಿದ್ದ ನಾಡಿನಲ್ಲಿ ಉತ್ತರದ ಇಸ್ರೇಲಿನ ರಾಜಧಾನಿ ಸಮಾರ್ಯ ಅಶ್ಶೂರರ (ಅಸ್ಸೀರಿಯದವರ) ಕೈಗೆ. ಕ್ರಿ.ಪೂ. 701: ದಕ್ಷಿಣದ ಯೆಹೂದದ ಮೇಲೆ ಅಶ್ಶೂರದ ಅರಸ ಸನ್ಹೇರೀಬನ ದಾಳಿ. ಕ್ರಿ.ಪೂ. 622: ಯೆಹೂದದ ಅರಸ ಯೋಷೀಯನ ಧಾರ್ಮಿಕ ಸುಧಾರಣೆ. ಕ್ರಿ.ಪೂ. 586: ಬಾಬೆಲಿನವರು (ಬ್ಯಾಬಿಲೋನಿಯದವರು) ಯೆರೂಸಲೇಮನ್ನೂ ದೇವಾಲಯವನ್ನೂ ಸುಟ್ಟರು, ಜನರನ್ನು ಸೆರೆ ಒಯ್ದರು. ಕ್ರಿ.ಪೂ. 539: ಬಾಬೆಲ್ ಕೋರೆಷನ ವಶ. ಸುಮಾರು ಕ್ರಿ.ಪೂ. 515: ಎರಡನೇ ದೇವಾಲಯ ಪೂರ್ಣ. ಕ್ರಿ.ಶ. 70: ರೋಮನರಿಂದ ಅದರ ನಾಶ.

ಇಷ್ಟು ಸಾಕು. ಯಾವ ಅಧ್ಯಾಯ ಓದಿದರೂ ಎರಡು ಪ್ರಶ್ನೆ ಕೇಳಿ. ಇದು ಹೇಳುವ ಘಟನೆ ಪಟ್ಟಿಯಲ್ಲಿ ಎಲ್ಲಿದೆ? ಇದನ್ನು ಬರೆದವರು ಪಟ್ಟಿಯಲ್ಲಿ ಎಲ್ಲಿದ್ದಾರೆ? ಎರಡಕ್ಕೂ ಉತ್ತರ ಒಂದೇ ಆಗಿರುವುದು ಬಹಳ ಅಪರೂಪ.

ಹಂತ 3: ಓದುವ ಕ್ರಮ ಬದಲಿಸಿ

ಸಮುವೇಲ ಮತ್ತು ಅರಸುಗಳು ಪುಸ್ತಕಗಳಿಂದ ಶುರು ಮಾಡಿ. ಕಥೆ ಬಿಗಿಯಾಗಿದೆ, ಮನುಷ್ಯರು ಜೀವಂತವಾಗಿದ್ದಾರೆ, ಹೊರಗಿನ ದಾಖಲೆಗಳೂ ಇಲ್ಲಿಂದಲೇ ಜಾಸ್ತಿ ಸಿಗುತ್ತವೆ. ಆಮೇಲೆ ಆಮೋಸ ಓದಿ. ಅದು ಪುಟ್ಟ ಪುಸ್ತಕ, ಕ್ರಿ.ಪೂ. 8ನೇ ಶತಮಾನದ್ದು. ಬಡವರನ್ನು ತುಳಿಯುತ್ತ ನಡೆಸುವ ನಿಮ್ಮ ಹಬ್ಬಗಳನ್ನು ದೇವರು ಹಗೆ ಮಾಡುತ್ತಾನೆ ಎಂದು ತೆಕೋವದ ಕುರುಬನೊಬ್ಬ ನೇರವಾಗಿ ಹೇಳುವಾಗ ಎದೆ ನಡುಗುತ್ತದೆ. ನಂತರ ಧರ್ಮೋಪದೇಶಕಾಂಡ, ಆದಿಕಾಂಡ, ಕೀರ್ತನೆಗಳು, ಯೋಬನು. ಯಾಜಕಕಾಂಡ ಆಮೇಲೆ. ಆಗ ಅದರ ರುಚಿಯೇ ಬೇರೆ.

ಅರಸುಗಳು ಓದುವಾಗ ಒಂದು ಎಚ್ಚರ ಇರಲಿ. ಅದನ್ನು ಬರೆದವರು ದಕ್ಷಿಣದ ಯೆರೂಸಲೇಮಿನ ಕಡೆಯವರು. ಉತ್ತರದ ಅರಸರಿಗೆಲ್ಲ ಹೆಚ್ಚುಕಮ್ಮಿ ಒಂದೇ ಅಂಕ: ಕೆಟ್ಟವನು. ಒಮ್ರಿಯನ್ನು ನೋಡಿ. ಅಶ್ಶೂರರು ಇಸ್ರೇಲ್ ದೇಶವನ್ನೇ 'ಒಮ್ರಿಯ ಮನೆ' ಎಂದು ಕರೆಯುವಷ್ಟು ದೊಡ್ಡ ಅರಸ. 1 ಅರಸುಗಳು 16ರಲ್ಲಿ ಅವನಿಗೆ ಸಿಕ್ಕಿದ್ದು ಬೆರಳೆಣಿಕೆಯ ವಚನಗಳು. ಬರೆದವರ ಆಸಕ್ತಿ ರಾಜಕೀಯದಲ್ಲಿ ಇರಲಿಲ್ಲ. ಇಸ್ರೇಲಿನ ದೇವರಾದ ಯೆಹೋವನಿಗೆ ನಿಷ್ಠೆ ಇತ್ತೇ, ಪೂಜೆ ಎಲ್ಲಿ ನಡೆಯಿತು ಎಂಬುದೇ ಅವರ ಅಳತೆಗೋಲು.

ಹಂತ 4: ಒಂದೇ ಕಥೆಯ ಎರಡು ರೂಪಗಳನ್ನು ಪಕ್ಕಪಕ್ಕ ಇಡಿ

ನನ್ನ ಪ್ರಕಾರ ಇಡೀ ಅಧ್ಯಯನದಲ್ಲಿ ಹೆಚ್ಚು ಕಲಿಸುವ ಅಭ್ಯಾಸ ಇದು. ಯಾವ ಪಂಡಿತರ ಸಹಾಯವೂ ಬೇಡ. ಒಂದು ನೋಟ್‌ಬುಕ್, ಮಧ್ಯೆ ಒಂದು ಗೆರೆ.

ಎಡಕ್ಕೆ 2 ಸಮುವೇಲ 24, ಬಲಕ್ಕೆ 1 ಪೂರ್ವಕಾಲವೃತ್ತಾಂತ 21. ದಾವೀದ ಜನಗಣತಿ ಮಾಡಿಸಿದ ಕಥೆ. ಎಡಗಡೆ ಯೆಹೋವನೇ ಕೋಪಗೊಂಡು ದಾವೀದನನ್ನು ಗಣತಿಗೆ ಪ್ರೇರೇಪಿಸುತ್ತಾನೆ. ಬಲಗಡೆ ಆ ಕೆಲಸ ಮಾಡುವವನು ಸೈತಾನ. ಎಡಗಡೆ ದಾವೀದ ಕಣವನ್ನೂ ಎತ್ತುಗಳನ್ನೂ 50 ಶೆಕೆಲ್ ಬೆಳ್ಳಿಗೆ ಕೊಳ್ಳುತ್ತಾನೆ. ಬಲಗಡೆ ಆ ಜಾಗಕ್ಕೆ 600 ಶೆಕೆಲ್ ಬಂಗಾರ. ಯಾಕೆ ಹೀಗೆ? ಪೂರ್ವಕಾಲವೃತ್ತಾಂತ ಬರೆದದ್ದು ದೇಶಭ್ರಷ್ಟತೆಯ (ಬಾಬೆಲಿನ ಸೆರೆಯ) ನಂತರ, ಎರಡನೇ ದೇವಾಲಯದ ಕಾಲದಲ್ಲಿ. ಅಷ್ಟರಲ್ಲಿ ದೇವರೇ ಪಾಪಕ್ಕೆ ಪ್ರೇರೇಪಿಸುತ್ತಾನೆ ಎನ್ನುವುದು ಒಪ್ಪಲು ಕಷ್ಟವಾದ ಮಾತಾಗಿತ್ತು. ಆ ಕಣವಂತೂ ದೇವಾಲಯದ ಪವಿತ್ರ ನೆಲ, ಅದರ ಬೆಲೆ ಬೆಳ್ಳಿಯಲ್ಲಿ ಉಳಿಯುವುದು ಹೇಗೆ? ಧರ್ಮದ ಆಲೋಚನೆ ಬೆಳೆದದ್ದು ಎರಡು ಕಾಲಂಗಳ ನಡುವೆ ಕಣ್ಣಿಗೇ ಕಾಣುತ್ತದೆ.

ಇನ್ನೊಂದು: ಗೊಲ್ಯಾತನನ್ನು ಕೊಂದವನು ಯಾರು? 1 ಸಮುವೇಲ 17ರಲ್ಲಿ ದಾವೀದ. 2 ಸಮುವೇಲ 21:19ರ ಹೀಬ್ರೂ ಪಠ್ಯದಲ್ಲಿ ಬೇತ್ಲೆಹೇಮಿನ ಎಲ್ಹಾನಾನ. 1 ಪೂರ್ವಕಾಲವೃತ್ತಾಂತ 20:5ರಲ್ಲಿ ಎಲ್ಹಾನಾನ ಕೊಂದದ್ದು ಗೊಲ್ಯಾತನ ತಮ್ಮನನ್ನು. ಮೂರನ್ನೂ ಬರೆದುಕೊಳ್ಳಿ. ಗೊಂದಲವನ್ನು ಸರಿಪಡಿಸಲು ಯತ್ನಿಸಿದ ಪ್ರಾಚೀನ ಲೇಖಕನೊಬ್ಬನ ಕೈ ಕಾಣುತ್ತದೆ, ಅಲ್ವಾ?

ಹಂತ 5: ಒಂದೇ ಪುಸ್ತಕದೊಳಗಿನ ಹಲವು ದನಿಗಳು

ಈಗ ಆದಿಕಾಂಡ 6ರಿಂದ 9, ಜಲಪ್ರಳಯ. ಎರಡು ಬಣ್ಣದ ಪೆನ್ಸಿಲ್ ತೆಗೆದುಕೊಳ್ಳಿ. 'ದೇವರು' ಎಂದಿರುವಲ್ಲಿ ಒಂದು ಬಣ್ಣ, 'ಯೆಹೋವ' ಎಂದಿರುವಲ್ಲಿ ಇನ್ನೊಂದು. ಒಂದು ಕಡೆ ಎಲ್ಲ ಪ್ರಾಣಿಗಳೂ ಎರಡೆರಡು. 7:2ರಲ್ಲಿ ಶುದ್ಧ ಪ್ರಾಣಿಗಳು ಏಳೇಳು. ಒಂದು ಕಡೆ ನೀರು 40 ದಿನ, ಇನ್ನೊಂದು ಕಡೆ 150 ದಿನ. ಎರಡು ಹಳೆಯ ಕಥೆಗಳನ್ನು ಹೆಣೆದವರು ಎರಡನ್ನೂ ಉಳಿಸಿಕೊಂಡರು, ಯಾವುದನ್ನೂ ಬಿಸಾಡಲಿಲ್ಲ.

ಈ ಹಾದಿಯನ್ನು 1753ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಆಸ್ಟ್ರುಕ್ ಹಿಡಿದರು. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಯೂಲಿಯುಸ್ ವೆಲ್‌ಹೌಸನ್ ತೋರಾದೊಳಗೆ ನಾಲ್ಕು ಮೂಲಗಳಿವೆ ಎಂಬ ವಾದವನ್ನು ಗಟ್ಟಿಯಾಗಿ ನಿಲ್ಲಿಸಿದರು. ಇವತ್ತಿನ ವಿದ್ವಾಂಸರು ಆ ನಾಲ್ಕರ ವಿವರಗಳ ಬಗ್ಗೆ ಒಮ್ಮತದಲ್ಲಿಲ್ಲ. ಹಲವು ಪದರಗಳಿವೆ ಎಂಬುದನ್ನು ಮಾತ್ರ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಹೊಸಬರು ಮೂಲಗಳ ಹೆಸರನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅದಕ್ಕಿಂತ ಕಾನೂನುಗಳನ್ನು ಹೋಲಿಸಿ. ವಿಮೋಚನಕಾಂಡ 20:24ರಲ್ಲಿ ಮಣ್ಣಿನ ಬಲಿಪೀಠ ಕಟ್ಟಿ, ನನ್ನ ಹೆಸರು ನೆನೆಸುವಂತೆ ಮಾಡುವ ಪ್ರತಿ ಸ್ಥಳದಲ್ಲೂ ಬರುತ್ತೇನೆ ಎಂದಿದೆ. ಧರ್ಮೋಪದೇಶಕಾಂಡ 12ರಲ್ಲಿ ಕಂಡ ಕಂಡಲ್ಲಿ ಬಲಿ ಕೊಡಬೇಡಿ, ದೇವರು ಆರಿಸಿಕೊಂಡ ಒಂದೇ ಸ್ಥಳದಲ್ಲಿ ಕೊಡಿ ಎಂದಿದೆ. ಇಸ್ರೇಲಿನ ಧರ್ಮದ ಅತಿ ದೊಡ್ಡ ತಿರುವು ಇದೇ. ಮುಂದಿನ ಹಂತಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಹಂತ 6: ಮಣ್ಣು ಹೇಳುವುದನ್ನು ಕೇಳಿ

ಶಾಸನಗಳ ನಾಡಿನವರಾದ ನಮಗೆ ಇದು ಹೊಸ ಕೆಲಸವಲ್ಲ. ಅರಸನ ಶಾಸನ ಅರಸನನ್ನು ಹೊಗಳುತ್ತದೆ, ಹಾಗಿದ್ದರೂ ಊರು, ಹೆಸರು, ದೇವರು, ದಾನ ಅದರಲ್ಲಿ ಉಳಿದಿರುತ್ತವೆ. ಅದೇ ಕಣ್ಣಿನಿಂದ ಇವನ್ನೂ ನೋಡಿ.

1868ರಲ್ಲಿ ಇಂದಿನ ಜೋರ್ಡನಿನ ಧಿಬಾನ್‌ನಲ್ಲಿ ಸಿಕ್ಕ ಮೇಷನ ಶಿಲೆ ಮೊದಲು. ಮೋವಾಬಿನ ಅರಸ ಮೇಷ ಹೇಳುತ್ತಾನೆ: ನಮ್ಮ ದೇವರು ಕೆಮೋಷನಿಗೆ ನಾಡಿನ ಮೇಲೆ ಕೋಪ ಬಂದಿತ್ತು, ಅದಕ್ಕೇ ಒಮ್ರಿ ನಮ್ಮನ್ನು ಪೀಡಿಸಿದ; ಆಮೇಲೆ ಕೆಮೋಷ ಗೆಲ್ಲಿಸಿದ, ನಾನು ಯೆಹೋವನ ವಸ್ತುಗಳನ್ನು ಎಳೆತಂದು ಕೆಮೋಷನ ಮುಂದಿಟ್ಟೆ. ನ್ಯಾಯಸ್ಥಾಪಕರು ಪುಸ್ತಕದ ಮಾತಿನ ಧಾಟಿಯೇ ಇದು, ದೇವರ ಹೆಸರು ಮಾತ್ರ ಬೇರೆ. ಇದರ ಜೊತೆ 2 ಅರಸುಗಳು 3 ಓದಿ, ಕೊನೆಯ ವಚನವನ್ನು ಎರಡು ಸಲ ಓದಿ. 1993ರಲ್ಲಿ ತೆಲ್ ದಾನ್‌ನಲ್ಲಿ ಸಿಕ್ಕ ಅರಾಮ್ಯ ಶಾಸನದಲ್ಲಿ 'ದಾವೀದನ ಮನೆ' ಎಂಬ ಮಾತಿದೆ.

ಕುಂತಿಲ್ಲೆತ್ ಅಜ್ರುದ್ ಎಂಬ ಜಾಗದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಸಿನಾಯ್ ಮರುಭೂಮಿಯಲ್ಲಿ, ದಾರಿಹೋಕರು ತಂಗುತ್ತಿದ್ದ ನೆಲೆ. 1975-76ರಲ್ಲಿ ಉತ್ಖನನ ನಡೆಯಿತು. ಸುಮಾರು ಕ್ರಿ.ಪೂ. 800ರ ದೊಡ್ಡ ಮಣ್ಣಿನ ಹರವಿಗಳ ಮೇಲೆ ಬರಹಗಳಿದ್ದವು. ಒಂದರಲ್ಲಿ 'ಸಮಾರ್ಯದ ಯೆಹೋವ ಮತ್ತು ಅವನ ಅಶೇರ'ದ ಹೆಸರಿನಲ್ಲಿ ಆಶೀರ್ವಾದ. ಹೆಬ್ರೋನಿನ ಹತ್ತಿರದ ಖಿರ್ಬೆತ್ ಎಲ್-ಕೋಮ್‌ನ ಸಮಾಧಿಯೊಂದರಲ್ಲೂ ಇದೇ ಜೋಡಿ ಬರುತ್ತದೆ. ಇಲ್ಲಿ ಅಶೇರ ಎಂದರೆ ದೇವಿಯೋ, ಪೂಜೆಯ ಮರದ ಕಂಬವೋ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ಏನೇ ಆಗಲಿ, ಯೆಹೋವನನ್ನು ಭಕ್ತಿಯಿಂದ ಕರೆದ ಜನರೇ ಅದೇ ಉಸಿರಿನಲ್ಲಿ ಅಶೇರದ ಹೆಸರನ್ನೂ ಹೇಳಿದರು. ಈಗ 2 ಅರಸುಗಳು 23:6-7 ತೆರೆಯಿರಿ. ಯೋಷೀಯ ಅಶೇರದ ಕಂಬವನ್ನು ಯೆಹೋವನ ದೇವಾಲಯದಿಂದಲೇ ಹೊರತೆಗೆಸಿ ಸುಡಿಸುತ್ತಾನೆ. ಅಶೇರಕ್ಕಾಗಿ ಬಟ್ಟೆ ನೇಯುವ ಹೆಂಗಸರು ಅಲ್ಲೇ ಇದ್ದರು. ಗ್ರಂಥ ಖಂಡಿಸುತ್ತಲೇ ನಮಗೆ ಒಂದು ಸತ್ಯ ಹೇಳಿಬಿಟ್ಟಿದೆ.

ಹಂತ 7: ಒಂದು ವರ್ಷವನ್ನು ಹಿಡಿದು ಆಳಕ್ಕೆ ಇಳಿಯಿರಿ

ಇಲ್ಲಿಯವರೆಗೆ ಕಲಿತದ್ದನ್ನೆಲ್ಲ ಪ್ರಯೋಗಿಸಲು ಕ್ರಿ.ಪೂ. 701ಕ್ಕಿಂತ ಒಳ್ಳೆಯ ವಿಷಯ ಸಿಗುವುದಿಲ್ಲ. ಒಂದು ಇಡೀ ತಿಂಗಳು ಇದಕ್ಕೇ ಕೊಡಿ.

ಮೊದಲು 2 ಅರಸುಗಳು 18-19. ಅಶ್ಶೂರದ ಸನ್ಹೇರೀಬ ಯೆಹೂದದ ಕೋಟೆಯೂರುಗಳನ್ನು ಹಿಡಿಯುತ್ತಾನೆ. ಅರಸ ಹಿಜ್ಕೀಯ 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ ಕಪ್ಪ ಕೊಡುತ್ತಾನೆ. ಆದರೂ ಯೆರೂಸಲೇಮಿಗೆ ಸೇನೆ ಬರುತ್ತದೆ. ರಾತ್ರಿ ದೇವದೂತ 1,85,000 ಸೈನಿಕರನ್ನು ಹೊಡೆಯುತ್ತಾನೆ, ಸನ್ಹೇರೀಬ ಹಿಂತಿರುಗುತ್ತಾನೆ.

ಆಮೇಲೆ ಯೆಶಾಯ 36-37. ಹೆಚ್ಚುಕಡಿಮೆ ಅಕ್ಷರಶಃ ಅದೇ ಕಥೆ, ಕಪ್ಪ ಕೊಟ್ಟ ಮೂರು ವಚನಗಳು ಮಾತ್ರ ಇಲ್ಲ. 2 ಪೂರ್ವಕಾಲವೃತ್ತಾಂತ 32ರಲ್ಲೂ ಕಪ್ಪದ ಸುದ್ದಿಯಿಲ್ಲ.

ಈಗ ಸನ್ಹೇರೀಬನ ಮಾತು. ಅವನ ದಂಡಯಾತ್ರೆಗಳನ್ನು ಕೆತ್ತಿದ ಮಣ್ಣಿನ ಪಟ್ಟಕಗಳು ಉಳಿದಿವೆ. 46 ಕೋಟೆಯೂರುಗಳನ್ನು ಗೆದ್ದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ, 30 ತಲಾಂತು ಬಂಗಾರ, 800 ತಲಾಂತು ಬೆಳ್ಳಿ ಪಡೆದೆ ಎನ್ನುತ್ತಾನೆ. ಬಂಗಾರದ ಲೆಕ್ಕ ಎರಡೂ ಕಡೆ ಒಂದೇ. ಯೆರೂಸಲೇಮನ್ನು ಹಿಡಿದೆ ಎಂದು ಮಾತ್ರ ಅವನು ಎಲ್ಲೂ ಹೇಳುವುದಿಲ್ಲ. ಜಂಬ ಕೊಚ್ಚುವ ಅರಸನ ಈ ಮೌನ ದೊಡ್ಡ ಸಾಕ್ಷಿ.

ಮುಂದೆ ಚಿತ್ರಗಳು. ಲಾಕೀಷ್ ಊರನ್ನು ಮುತ್ತಿದ ದೃಶ್ಯವನ್ನು ಸನ್ಹೇರೀಬ ನಿನೆವೆಯ ಅರಮನೆಯ ಗೋಡೆಗೆ ಕೆತ್ತಿಸಿದ್ದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಅದರ ವೆಬ್‌ಸೈಟಿನಲ್ಲೂ ನೋಡಬಹುದು. ಮನೆಬಿಟ್ಟು ನಡೆದುಹೋಗುವ ಹೆಂಗಸರು ಮಕ್ಕಳನ್ನು ನೋಡಿದ ಮೇಲೆ ಪ್ರವಾದಿಗಳ ಮಾತು ಬೇರೆ ರೀತಿ ಕೇಳಿಸುತ್ತದೆ. ಲಾಕೀಷ್‌ನಲ್ಲಿ ಅಶ್ಶೂರರು ಹಾಕಿದ ಮುತ್ತಿಗೆಯ ದಿಬ್ಬವೂ ಸಿಕ್ಕಿದೆ. ಯೆರೂಸಲೇಮಿನಲ್ಲಿ ಬಂಡೆ ಕೊರೆದು ಮಾಡಿದ, ಹಿಜ್ಕೀಯನದೆಂದು ಹೇಳುವ, 500 ಮೀಟರಿಗಿಂತ ಉದ್ದದ ನೀರಿನ ಸುರಂಗವಿದೆ. 1880ರಲ್ಲಿ ಅದರ ಗೋಡೆಯಲ್ಲಿ ಶಾಸನವೊಂದು ಸಿಕ್ಕಿತು. ಎರಡು ತುದಿಯಿಂದ ಅಗೆಯುತ್ತ ಬಂದ ಕೆಲಸಗಾರರು ಪರಸ್ಪರರ ದನಿ ಕೇಳಿ ಒಂದಾದದ್ದನ್ನು ಅದು ಹೇಳುತ್ತದೆ. ಅದರಲ್ಲಿ ಅರಸನ ಹೆಸರೂ ಇಲ್ಲ, ದೇವರ ಹೆಸರೂ ಇಲ್ಲ.

ಧರ್ಮದ ಪ್ರಶ್ನೆ ಈಗ ಬರುತ್ತದೆ. 2 ಅರಸುಗಳು 18:4ರ ಪ್ರಕಾರ ಹಿಜ್ಕೀಯ ಪೂಜಾಸ್ಥಳಗಳನ್ನು ತೆಗೆಸಿದ. ಮೋಶೆ ಮಾಡಿಸಿದ ಕಂಚಿನ ಸರ್ಪಕ್ಕೆ ಜನ ಧೂಪ ಹಾಕುತ್ತಿದ್ದರೆಂದು ಅದನ್ನೂ ಒಡೆಸಿದ. 18:22ರಲ್ಲಿ ಅಶ್ಶೂರದ ಅಧಿಕಾರಿ ಕೋಟೆಯ ಹೊರಗೆ ನಿಂತು ಕೂಗುತ್ತಾನೆ: ಹಿಜ್ಕೀಯ ತೆಗೆದುಹಾಕಿದ್ದು ಆ ನಿಮ್ಮ ಯೆಹೋವನ ಪೂಜಾಸ್ಥಳಗಳನ್ನೇ ಅಲ್ಲವೇ? ಶತ್ರುವಿನ ಬಾಯಿಂದ ಬಂದ ಈ ಮಾತಿನಲ್ಲಿ ಸಾಮಾನ್ಯ ಜನರ ನೋವಿದೆ ಎಂದು ನನಗೆ ಅನ್ನಿಸುತ್ತದೆ. ತಲೆತಲಾಂತರದಿಂದ ಪೂಜಿಸಿದ ಗುಡಿಯನ್ನು ಅರಸನೇ ಮುಚ್ಚಿಸಿದರೆ ಹಳ್ಳಿಯವರು ಏನೆಂದುಕೊಂಡಿರಬೇಕು?

ನೆಲದಲ್ಲಿ ಇದಕ್ಕೆ ಗುರುತು ಇದೆಯೇ? ದಕ್ಷಿಣದ ಅರಾದ್ ಕೋಟೆಯೊಳಗೆ ಪುಟ್ಟ ದೇವಾಲಯ ಸಿಕ್ಕಿದೆ. ಒಳಗೆ ನಿಲ್ಲಿಸುವ ಕಲ್ಲು, ಎರಡು ಧೂಪಪೀಠ. ಆ ಪೀಠಗಳನ್ನು ಮಗ್ಗುಲಾಗಿ ಮಲಗಿಸಿ ಮಣ್ಣು ಮುಚ್ಚಿದ್ದರು. 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದರ ಮೇಲೆ ಸಾಂಬ್ರಾಣಿ, ಇನ್ನೊಂದರ ಮೇಲೆ ಗಾಂಜಾ ಸುಟ್ಟ ಉಳಿಕೆ ಕಂಡವು. ಬೇರ್ಷೆಬದಲ್ಲಿ ಕೊಂಬುಗಳಿದ್ದ ಬಲಿಪೀಠವನ್ನು ಬಿಚ್ಚಿ ಅದರ ಕಲ್ಲುಗಳನ್ನು ಗೋಡೆಗೆ ಬಳಸಿದ್ದರು. ಇವು ಹಿಜ್ಕೀಯನ ಸುಧಾರಣೆಯ ಗುರುತೆಂದು ಹಲವರು ಹೇಳುತ್ತಾರೆ, ಕಾಲನಿರ್ಣಯ ಒಪ್ಪದವರೂ ಇದ್ದಾರೆ. ನೋಟ್‌ಬುಕ್ಕಿನಲ್ಲಿ ಎರಡೂ ವಾದ ಬರೆದಿಡಿ. ಅವಸರದ ತೀರ್ಪು ಬೇಡ.

ಹಂತ 8: ನೆರೆಯವರ ದೇವರುಗಳು

ಸಿರಿಯದ ಕರಾವಳಿಯ ಉಗಾರಿತ್ 1928ರಲ್ಲಿ ರೈತನೊಬ್ಬನ ನೇಗಿಲಿಗೆ ಸಿಕ್ಕಿತು. ಕ್ರಿ.ಪೂ. 1200ರ ಸುಮಾರಿಗೆ ಹಾಳಾದ ಊರು. ಅಲ್ಲಿನ ಮಣ್ಣಿನ ಫಲಕಗಳಲ್ಲಿ ದೇವರ ಹಿರಿಯ ಏಲ್, ಮಳೆ ಗುಡುಗಿನ ಬಾಳ್, ಏಲನ ಸಂಗಾತಿ ಅಥಿರತ್ ಇದ್ದಾರೆ. ಬಾಳನಿಗೆ 'ಮೇಘವನ್ನೇರುವವನು' ಎಂಬ ಬಿರುದು. ಕೀರ್ತನೆ 104:3ರಲ್ಲಿ ಯೆಹೋವನಿಗೆ ಮೇಘವೇ ರಥ. ಓಡುವ, ಸುತ್ತಿಕೊಳ್ಳುವ ಸರ್ಪವನ್ನು ಕೊಂದ ಮಾತು ಉಗಾರಿತ್‌ನಲ್ಲಿದೆ. ಯೆಶಾಯ 27:1ರ ಲಿವ್ಯಾತಾನ್ ಅದೇ ಸರ್ಪ, ಹೆಚ್ಚುಕಡಿಮೆ ಅದೇ ಶಬ್ದಗಳಲ್ಲಿ. ಕೀರ್ತನೆ 29 ಮತ್ತು 82ನ್ನೂ ಇವುಗಳ ಜೊತೆ ಓದಿ. 82ರಲ್ಲಿ ದೇವರು ದೇವಸಭೆಯ ನಡುವೆ ನಿಂತು ಉಳಿದ ದೇವರುಗಳಿಗೆ ತೀರ್ಪು ಕೊಡುತ್ತಾನೆ. ಬಡವರಿಗೆ, ದಿಕ್ಕಿಲ್ಲದವರಿಗೆ ನ್ಯಾಯ ಕೊಡಲಿಲ್ಲ ಎಂಬುದೇ ಅವರ ಮೇಲಿನ ಆರೋಪ. ಅದಾದ ಮೇಲೆ ಯೆಶಾಯ 45ಕ್ಕೆ ಬನ್ನಿ. ಅಲ್ಲಿ ಬೇರೆ ದೇವರೇ ಇಲ್ಲ. ಒಬ್ಬನೇ ದೇವರೆಂಬ ಮಾತು ಇಷ್ಟು ಸ್ಪಷ್ಟವಾಗಿ ಕೇಳುವುದು ಬಾಬೆಲಿನ ಸೆರೆಯ ಕಾಲದಲ್ಲಿ. ದೇವಾಲಯ ಸುಟ್ಟುಹೋದ ಜನ ಈ ಮಾತು ಹೇಳಿದರು ಎನ್ನುವುದು ನನ್ನನ್ನು ಯಾವಾಗಲೂ ಬೆರಗುಗೊಳಿಸುತ್ತದೆ.

ಹಂತ 9: ಈಗ ಯಾಜಕಕಾಂಡ, ಮತ್ತು ಮನೆಯ ಪೂಜೆ

ಯಾಜಕಕಾಂಡ 1-7ನ್ನು ಪಟ್ಟಿ ಮಾಡಿ ಓದಿ: ಯಾವ ಬಲಿ, ಯಾರು ತರಬೇಕು, ಎಷ್ಟು ಸುಡಬೇಕು, ಯಾರು ತಿನ್ನಬೇಕು. ಸರ್ವಾಂಗಹೋಮ ಪೂರ್ತಿ ಬೆಂಕಿಗೆ. ಸಮಾಧಾನಯಜ್ಞದಲ್ಲಿ ದೇವರಿಗೆ ಕೊಬ್ಬು, ಯಾಜಕನಿಗೆ ಪಾಲು, ಉಳಿದದ್ದು ತಂದವನ ಮನೆಯವರಿಗೆ ಊಟ. ಆಮೇಲೆ 16ನೇ ಅಧ್ಯಾಯದ ಎರಡು ಹೋತಗಳು.

ಇದರ ಪಕ್ಕದಲ್ಲೇ 1 ಸಮುವೇಲ 1ರ ಹನ್ನಳನ್ನು ಇಡಿ. ಕುಟುಂಬ ಸಮೇತ ವರ್ಷಕ್ಕೊಮ್ಮೆ ಶೀಲೋವಿನ ಗುಡಿಗೆ ಹೋಗಿ, ಪಾಲು ಹಂಚಿ ತಿಂದು, ಮಗುವಿಗಾಗಿ ತುಟಿಯಲ್ಲೇ ಪ್ರಾರ್ಥಿಸಿದವಳು. ಯೆರೆಮೀಯ 7:18 ಮತ್ತು 44:15-19 ಅಂತೂ ತಪ್ಪಿಸಲೇಬೇಡಿ. ಮಕ್ಕಳು ಸೌದೆ ಆರಿಸುತ್ತಾರೆ, ಅಪ್ಪಂದಿರು ಒಲೆ ಹೊತ್ತಿಸುತ್ತಾರೆ, ಹೆಂಗಸರು ಹಿಟ್ಟು ನಾದಿ ಗಗನದ ಒಡತಿಗೆ ರೊಟ್ಟಿ ಸುಡುತ್ತಾರೆ. ಪ್ರವಾದಿ ಬೈದಾಗ ಜನ ತಿರುಗಿ ಹೇಳುತ್ತಾರೆ: ಅವಳಿಗೆ ನೈವೇದ್ಯ ಕೊಡುತ್ತಿದ್ದಾಗ ಹೊಟ್ಟೆ ತುಂಬಿತ್ತು, ನಿಲ್ಲಿಸಿದ ಮೇಲೆ ಕತ್ತಿ, ಬರ ಬಂದವು. ಸೋತವರ ವಾದವನ್ನೂ ಗ್ರಂಥ ಉಳಿಸಿಕೊಂಡಿದೆ. ಇಂಥ ಜಾಗಗಳು ನನಗೆ ಈ ಪುಸ್ತಕದಲ್ಲಿ ಅತಿ ಪ್ರಿಯ.

ಹಂತ 10: ಹೀಬ್ರೂ ಎಷ್ಟು ಬೇಕು?

22 ಅಕ್ಷರ, ಬಲದಿಂದ ಎಡಕ್ಕೆ. ಅಕ್ಷರ ಕಲಿತರೆ ಸೆಫಾರಿಯದಂಥ ಉಚಿತ ತಾಣಗಳಲ್ಲಿ ಮೂಲ ಮತ್ತು ಇಂಗ್ಲಿಷ್ ಎರಡನ್ನೂ ನೋಡಬಹುದು. ಸ್ವರಚಿಹ್ನೆಗಳನ್ನು ಹಾಕಿದ್ದು ಕ್ರಿ.ಶ. 7ರಿಂದ 10ನೇ ಶತಮಾನದ ಮಸೋರೆಟ್ ಪಂಡಿತರು. ಪೂರ್ತಿ ಉಳಿದಿರುವ ಅತಿ ಹಳೆಯ ಹೀಬ್ರೂ ಪ್ರತಿ ಕ್ರಿ.ಶ. 1008ರ ಸುಮಾರಿನ ಲೆನಿನ್‌ಗ್ರಾಡ್ ಕೋಡೆಕ್ಸ್. 1947ರ ಸುಮಾರಿಗೆ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಸುರುಳಿಗಳು ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯವು. ಯೆಶಾಯನ ದೊಡ್ಡ ಸುರುಳಿಯನ್ನು ಇಸ್ರೇಲ್ ಮ್ಯೂಸಿಯಂನ ತಾಣದಲ್ಲಿ ಪುಟ ಪುಟವಾಗಿ ನೋಡಬಹುದು. ಯೆರೆಮೀಯನ ಗ್ರೀಕ್ ಅನುವಾದ ಹೀಬ್ರೂ ಪಠ್ಯಕ್ಕಿಂತ ಸುಮಾರು ಎಂಟನೇ ಒಂದರಷ್ಟು ಚಿಕ್ಕದು, ಆ ಚಿಕ್ಕ ರೂಪಕ್ಕೆ ಹೊಂದುವ ಹೀಬ್ರೂ ತುಣುಕೂ ಕುಮ್ರಾನ್‌ನಲ್ಲಿ ಸಿಕ್ಕಿದೆ.

ಪಾಠ ಕೇಳಬೇಕೆಂದರೆ ಯೇಲ್ ವಿಶ್ವವಿದ್ಯಾಲಯದ ಹೀಬ್ರೂ ಬೈಬಲ್ ಪರಿಚಯದ ತರಗತಿಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಈ ವಿಷಯ ಕಲಿಸುವ ಹಳೆಯ ಸಂಸ್ಥೆಗಳು. ಹೊರಗಿನವರಿಗೆ ಗ್ರಂಥಾಲಯ ಬಳಸಲು ಅವಕಾಶ ಇದೆಯೇ ಎಂದು ಕೇಳಿ ನೋಡಿ.

ಹಂತ 11: ಯೆಹೂದ್ಯರು ಓದುವುದನ್ನು ಕೇಳಿ, ಆಮೇಲೆ ನಿಮ್ಮದೇ ಪ್ರಶ್ನೆ ಹಿಡಿಯಿರಿ

ಯೆಹೂದ್ಯರಿಗೆ ಇದು ಇಂದಿಗೂ ಬದುಕುವ ಗ್ರಂಥ. ಪ್ರತಿ ವಾರ ತೋರಾದ ಒಂದು ಭಾಗ ಸಿನಗಾಗಿನಲ್ಲಿ ಓದುತ್ತಾರೆ. 11ನೇ ಶತಮಾನದ ಯೆಹೂದಿ ಪಂಡಿತ ರಶಿ ಬರೆದ ವ್ಯಾಖ್ಯಾನವನ್ನು ಒಂದೆರಡು ಅಧ್ಯಾಯಕ್ಕಾದರೂ ನೋಡಿ. ಇವತ್ತಿನ ವಿದ್ವಾಂಸರು ಎತ್ತುವ ಎಷ್ಟೋ ತೊಡಕುಗಳನ್ನು ಅವರು ಆಗಲೇ ಗಮನಿಸಿದ್ದರು, ಉತ್ತರ ಮಾತ್ರ ಬೇರೆ ಕೊಟ್ಟರು.

ಸ್ವಂತ ಅಧ್ಯಯನಕ್ಕೆ ನಾನು ಸೂಚಿಸುವ ಮೊದಲ ವಿಷಯ ಎಲಿಫಂಟೈನ್. ಈಜಿಪ್ಟಿನ ಆಸ್ವಾನ್ ಬಳಿಯ ನೈಲ್ ದ್ವೀಪ. ಕ್ರಿ.ಪೂ. 5ನೇ ಶತಮಾನದಲ್ಲಿ ಅಲ್ಲಿದ್ದ ಯೆಹೂದಿ ಸೈನಿಕರ ಅರಾಮ್ಯ ಪತ್ರಗಳು ಸಿಕ್ಕಿವೆ. ಧರ್ಮೋಪದೇಶಕಾಂಡ 12ರ ಆಜ್ಞೆ ತಮಗೆ ಗೊತ್ತೇ ಇಲ್ಲವೆಂಬಂತೆ ಅವರು ಅಲ್ಲೇ ತಮ್ಮ ದೇವರಿಗೆ ದೇವಾಲಯ ಕಟ್ಟಿ ಬಲಿ ಕೊಡುತ್ತಿದ್ದರು. ಕ್ರಿ.ಪೂ. 410ರಲ್ಲಿ ಖ್ನೂಮ್ ದೇವರ ಪೂಜಾರಿಗಳ ಕುಮ್ಮಕ್ಕಿನಿಂದ ಅದು ನಾಶವಾಯಿತು. ಮೂರು ವರ್ಷದ ನಂತರ ಮತ್ತೆ ಕಟ್ಟಲು ನೆರವಾಗಿ ಎಂದು ಯೆಹೂದದ ರಾಜ್ಯಪಾಲನಿಗೆ ಬರೆದರು. ಧಾನ್ಯನೈವೇದ್ಯಕ್ಕೂ ಧೂಪಕ್ಕೂ ಒಪ್ಪಿಗೆ ಬಂತು. ಆ ಉತ್ತರದಲ್ಲಿ ಪ್ರಾಣಿಬಲಿಯ ಮಾತಿಲ್ಲ. ಈ ಪತ್ರಗಳ ಅನುವಾದವನ್ನು ಒಂದು ಕಡೆ, ಎಜ್ರ ಮತ್ತು ನೆಹೆಮೀಯ ಪುಸ್ತಕಗಳನ್ನು ಇನ್ನೊಂದು ಕಡೆ ಇಟ್ಟುಕೊಳ್ಳಿ. ನೋಟ್‌ಬುಕ್ಕಿನ ಮಧ್ಯೆ ಮತ್ತೆ ಗೆರೆ ಎಳೆಯಿರಿ.